ಕತ್ತರಿ ಯಾರ ಕೈಯಲ್ಲಿತ್ತು? ಅಗ್ಗದ ಹಾರರ್ ಸಿನಿಮಾಗಳನ್ನು ತೋರಿಸುತ್ತ ಕಲಿತ ಪಾಠಗಳು

ನಮ್ಮ ಫಿಲಂ ಕ್ಲಬ್ಬಿನವರು ಬೆಂಗಳೂರಿನ ಒಂದು ಬಾಡಿಗೆ ಹಾಲ್‌ನಲ್ಲಿ ಸೇರುತ್ತೇವೆ. ಒಂದು ಪ್ರೊಜೆಕ್ಟರ್, ಪ್ಲಾಸ್ಟಿಕ್ ಕುರ್ಚಿಗಳು, ಸಿನಿಮಾ ಮುಗಿದ ಮೇಲೆ ಟೀ ಮತ್ತು ಚರ್ಚೆ. ಯಾವ ಸಿನಿಮಾ ಹಾಕಬೇಕು, ಯಾವುದರ ಹಿಂದೆ ಯಾವುದು ಬರಬೇಕು, ಶುರುವಿಗೆ ನಾಲ್ಕು ಮಾತು ಏನು ಹೇಳಬೇಕು ಎನ್ನುವುದು ನನ್ನ ಪಾಲಿನ ಕೆಲಸ. ಅಮೆರಿಕದ ಅಗ್ಗದ ಹಾರರ್ ಸಿನಿಮಾಗಳನ್ನು ನಾನು ಹಟ ಹಿಡಿದು ಪಟ್ಟಿಗೆ ಸೇರಿಸುತ್ತ ಬಂದಿದ್ದೇನೆ. ಡ್ರೈವ್-ಇನ್‌ಗಳಿಗಾಗಿ, ಪೇಟೆಯ ಹಳೇ ಥಿಯೇಟರುಗಳ ರಾತ್ರಿ ಆಟಕ್ಕಾಗಿ ತಯಾರಾದವು ಇವು. ರಕ್ತ, ಬರಿಮೈ, ಕಿರುಚಾಟವನ್ನು ಪೋಸ್ಟರಿಗೆ ಹಾಕಿ ಟಿಕೆಟ್ ಮಾರಿದವು. ಎಕ್ಸ್‌ಪ್ಲಾಯಿಟೇಷನ್ ಸಿನಿಮಾ ಎಂದು ಇವಕ್ಕೆ ಹೆಸರು. ದೊಡ್ಡ ಸ್ಟುಡಿಯೋಗಳು ಮೂಲೆಗೆ ತಳ್ಳಿದ್ದ ಕಪ್ಪು ವರ್ಣೀಯರು, ಹೆಂಗಸರು, ವಿಕಲಚೇತನರು, ಸಲಿಂಗಿಗಳು, ಆದಿವಾಸಿಗಳು ಈ ಸಿನಿಮಾಗಳಲ್ಲಿ ಎದ್ದು ಕಾಣುತ್ತಾರೆ. ಹೇಗೆ ಕಂಡರು, ಯಾರ ಹಟದಿಂದ ಕಂಡರು ಎಂದು ಹುಡುಕುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಕಾಲೇಜಿನಲ್ಲೋ ಊರಿನಲ್ಲೋ ಇಂಥ ಪ್ರದರ್ಶನ ಏರ್ಪಡಿಸುವವರಿಗೆ ಉಪಯೋಗವಾದೀತು.

1. ಮುಖಗಳನ್ನು ಎಣಿಸುವ ಮೊದಲು, ಮಾತು ತಿದ್ದಿದವರು ಯಾರು ಎಂದು ಕೇಳಿ

ಪಿಟ್ಸ್‌ಬರ್ಗ್ ಊರಿನಲ್ಲಿ ಜಾಹೀರಾತು ಚಿತ್ರ ಮಾಡಿಕೊಂಡಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಕೈಯಿಂದ ಹಣ ಹಾಕಿ, ಅವರಿವರಿಂದ ಎತ್ತಿ, ಸುಮಾರು 1,14,000 ಡಾಲರಿನಲ್ಲಿ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಮಾಡಿದರು. ಹೆಣಗಳು ಎದ್ದು ಬಂದು ಮನುಷ್ಯರನ್ನು ತಿನ್ನುವ ಕಥೆ. ಹಳ್ಳಿಯ ಒಂದು ಮನೆಯೊಳಗೆ ಕೆಲವರು ಸಿಕ್ಕಿಹಾಕಿಕೊಳ್ಳುತ್ತಾರೆ. ಅವರಲ್ಲಿ ಮುಂದಾಳು ಬೆನ್. ಆ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಕಪ್ಪು ವರ್ಣೀಯ. ಉಳಿದವರೆಲ್ಲ ಬಿಳಿಯರು, ಬೆನ್ ಜೊತೆ ಜಗಳಕ್ಕೆ ನಿಲ್ಲುವ ಕೂಪರ್ ಕೂಡ.

ಸ್ಕ್ರಿಪ್ಟಿನಲ್ಲಿ ಬೆನ್‌ನ ಬಣ್ಣದ ಮಾತೇ ಇರಲಿಲ್ಲ, ಬಂದವರಲ್ಲಿ ಜೋನ್ಸ್ ಚೆನ್ನಾಗಿ ನಟಿಸಿದರು, ಅವರನ್ನೇ ತೆಗೆದುಕೊಂಡೆವು ಎಂದು ರೊಮೆರೊ ಕೊನೆತನಕ ಹೇಳುತ್ತಿದ್ದರು. ಅನೇಕ ಬರಹಗಳು ಈ ಮಾತಿಗೆ ಬಂದು ನಿಂತುಬಿಡುತ್ತವೆ. ಮುಂದಿನ ಸಂಗತಿ ನನಗೆ ಹೆಚ್ಚು ಮುಖ್ಯ. ಬರೆದಿದ್ದ ಬೆನ್ ಒಬ್ಬ ಒರಟು ಲಾರಿ ಡ್ರೈವರ್, ಅವನ ಮಾತೂ ಹಾಗೆಯೇ ಒರಟು. ಅಧ್ಯಾಪಕರೂ ರಂಗಭೂಮಿಯವರೂ ಆಗಿದ್ದ ಜೋನ್ಸ್ ಆ ಮಾತುಗಳನ್ನು ತಮ್ಮ ಬಾಯಿಗೆ ತಕ್ಕಂತೆ ತಿದ್ದಿಕೊಂಡರು. ಈಗ ತೆರೆಯ ಮೇಲೆ ಕಾಣುವ ಬೆನ್ ಕಿಟಕಿಗೆ ಹಲಗೆ ಹೊಡೆಯುತ್ತ, ಯೋಚಿಸಿ, ತೂಗಿ ಮಾತಾಡುತ್ತಾನೆ. ಬಾರ್ಬ್ರಾ ಎಂಬ ಬಿಳಿ ಹುಡುಗಿ ಉನ್ಮಾದದಲ್ಲಿ ಅವನ ಕೆನ್ನೆಗೆ ಹೊಡೆಯುತ್ತಾಳೆ, ಅವನು ತಿರುಗಿ ಹೊಡೆಯುತ್ತಾನೆ. ಆ ಹೊಡೆತದ ಬಗ್ಗೆ ಜೋನ್ಸ್‌ಗೆ ಆತಂಕವಿತ್ತು. 1960ರ ದಶಕದ ಅಮೆರಿಕದಲ್ಲಿ ಕಪ್ಪು ಗಂಡಸು ಬಿಳಿ ಹೆಣ್ಣಿನ ಮೇಲೆ ಕೈ ಮಾಡುವುದನ್ನು ಜನ ಹೇಗೆ ನೋಡುತ್ತಾರೆ ಎನ್ನುವುದು ಬಿಳಿ ಗೆಳೆಯರ ತಲೆಗೆ ಹೊಳೆಯದಿದ್ದರೂ ಅವರಿಗೆ ಗೊತ್ತಿತ್ತು.

ಕೊನೆಯಲ್ಲಿ ರಾತ್ರಿಯೆಲ್ಲ ಹೆಣಗಳಿಂದ ತಪ್ಪಿಸಿಕೊಂಡ ಬೆನ್ ಬೆಳಗ್ಗೆ ನೆಲಮಾಳಿಗೆಯಿಂದ ಮೇಲೆ ಬಂದಾಗ, ರಕ್ಷಣೆಗೆ ಬಂದ ಬಿಳಿಯರ ಗುಂಪಿನವನೊಬ್ಬ ಅವನೂ ಹೆಣವೇ ಎಂದು ಗುಂಡು ಹಾರಿಸುತ್ತಾನೆ. ಆಮೇಲೆ ಓಡುವ ಚಿತ್ರ ನಿಂತು, ಪತ್ರಿಕೆಯಲ್ಲಿ ಅಚ್ಚಾದಂಥ ಮಸುಕು ಫೋಟೋಗಳು ಒಂದೊಂದಾಗಿ ಬರುತ್ತವೆ: ಮಾಂಸದ ಕೊಕ್ಕೆ ಹಿಡಿದ ಕೈಗಳು, ಬೆನ್‌ನ ದೇಹ, ಸೌದೆಯ ರಾಶಿ. ಅಮೆರಿಕದಲ್ಲಿ ಕಪ್ಪು ಜನರನ್ನು ಗುಂಪು ಸೇರಿ ಕೊಂದಾಗ ತೆಗೆದ ಫೋಟೋಗಳನ್ನು ಕಂಡವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಮುಗಿದ ಸಿನಿಮಾದ ಪ್ರಿಂಟನ್ನು ಕಾರಿನಲ್ಲಿ ನ್ಯೂಯಾರ್ಕಿಗೆ ಒಯ್ಯುವಾಗ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿ ರೇಡಿಯೋದಲ್ಲಿ ಬಂತು ಎಂದು ರೊಮೆರೊ ಹೇಳಿದ್ದಾರೆ. ಅಗ್ಗದ ಸಿನಿಮಾಗಳ ದೊಡ್ಡ ವಿತರಕ ಸಂಸ್ಥೆ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್, ಕೊನೆಯನ್ನು ಸುಖಾಂತ ಮಾಡಿ ಎಂದಿತು. ಇವರು ಒಪ್ಪಲಿಲ್ಲ. ಆ ವ್ಯಾಪಾರ ಕುದುರಲಿಲ್ಲ.

ಕಡಿಮೆ ಬಜೆಟ್ಟಿನ ಬಲ ಇರುವುದು ಇಲ್ಲಿ. ಮೇಲೆ ಕೂತು ಬೇಡವೆನ್ನುವ ಯಜಮಾನ ಇಲ್ಲದಾಗ ನಟನೊಬ್ಬ ಮಾತು ತಿದ್ದಬಹುದು, ಗೆಳೆಯರ ಗುಂಪು ಕೊನೆಯನ್ನು ಉಳಿಸಿಕೊಳ್ಳಬಹುದು. ಹಾಗಾಗಿ ಯಾವ ಸಿನಿಮಾ ಆರಿಸಿದರೂ ನಾನು ಮೊದಲು ಹುಡುಕುವುದು ಇದನ್ನೇ: ಬರೆದದ್ದಕ್ಕೂ ತೆರೆಯ ಮೇಲೆ ಬಂದದ್ದಕ್ಕೂ ನಡುವೆ ಏನು ಬದಲಾಯಿತು, ಬದಲಾಯಿಸಿದವರು ಯಾರು.

2. ಪ್ರಿಂಟ್ ಕೆಟ್ಟದ್ದಾದರೆ ಮೊದಲು ಕಾಣೆಯಾಗುವುದು ಕಪ್ಪು ಮುಖ

ಇದು ಶುದ್ಧ ಕಸುಬಿನ ಮಾತು. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ಗೆ ಮೊದಲು ಬೇರೆ ಹೆಸರಿತ್ತು. ವಿತರಕರು ಹೆಸರು ಬದಲಿಸುವಾಗ ಟೈಟಲ್ ಕಾರ್ಡಿನ ಮೇಲಿದ್ದ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನ ಪ್ರಕಾರ ಅಷ್ಟರಿಂದಲೇ ಸಿನಿಮಾ ಎಲ್ಲರ ಸೊತ್ತಾಯಿತು. ಹಾಗಾಗಿ ಅದು ಜಗತ್ತೆಲ್ಲ ಹರಡಿತು, ಮಾಡಿದವರಿಗೆ ಸೇರಬೇಕಾದ ಹಣ ಮಾತ್ರ ಸೇರಲಿಲ್ಲ. ಜೊತೆಗೆ ಕಾಪಿಯ ಕಾಪಿಯ ಕಾಪಿಗಳು ಹುಟ್ಟಿಕೊಂಡವು. ಅವುಗಳಲ್ಲಿ ನಡುಬಣ್ಣಗಳೆಲ್ಲ ಸತ್ತು ಬಿಳಿ ಉರಿಯುತ್ತದೆ, ಕಪ್ಪು ಮುಚ್ಚಿಹೋಗುತ್ತದೆ. ರಾತ್ರಿಯ ದೃಶ್ಯದಲ್ಲಿ ಬಾರ್ಬ್ರಾಳ ಮುಖ ಸ್ಪಷ್ಟ. ಪಕ್ಕದಲ್ಲೇ ನಿಂತ ಬೆನ್‌ನದು ಕಣ್ಣು ಮತ್ತು ಅಂಗಿ ಮಾತ್ರ. ನಟ ಹುಬ್ಬಿನಲ್ಲಿ, ಬಾಯಿಯ ತುದಿಯಲ್ಲಿ ಮಾಡಿದ ಕೆಲಸವೆಲ್ಲ ವ್ಯರ್ಥ.

1986ರಲ್ಲಿ ಬಣ್ಣ ತುಂಬಿದ ಒಂದು ಆವೃತ್ತಿ ಬಂತು, ಅದರಲ್ಲಿ ಹೆಣಗಳ ಚರ್ಮ ಹಸಿರು. ಅದನ್ನಂತೂ ಹಾಕಬೇಡಿ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಷನ್ ಮೂಲ ನೆಗೆಟಿವ್‌ನಿಂದ ಮಾಡಿಸಿದ 4ಕೆ ಆವೃತ್ತಿ ಈಗ ಸಿಗುತ್ತದೆ. ಪ್ರೊಜೆಕ್ಟರಿನ ಬ್ರೈಟ್‌ನೆಸ್ಸನ್ನು ಬಿಳಿ ಗೋಡೆ ನೋಡಿ ಹೊಂದಿಸಬೇಡಿ, ಜೋನ್ಸ್ ಮುಖದ ಕ್ಲೋಸಪ್ ನಿಲ್ಲಿಸಿಕೊಂಡು ಹೊಂದಿಸಿ. ಕೆನ್ನೆಯ ಮೇಲಿನ ಬೆವರು ಕಂಡರೆ ಸರಿಯಿದೆ ಎಂದು ಅರ್ಥ.

3. ಒಬ್ಬರಿಗೆ ಸಿಕ್ಕ ಮರ್ಯಾದೆಯ ಬೆಲೆಯನ್ನು ಇನ್ನೊಬ್ಬರು ತೆತ್ತಿರಬಹುದು

1971ರಲ್ಲಿ ‘ಸ್ವೀಟ್ ಸ್ವೀಟ್‌ಬ್ಯಾಕ್ಸ್ ಬ್ಯಾಡಾಸ್ ಸಾಂಗ್’ ಮತ್ತು ‘ಶಾಫ್ಟ್’ ಗೆದ್ದವು. ಕಪ್ಪು ಜನ ದುಡ್ಡು ಕೊಟ್ಟು ತಮ್ಮವರನ್ನು ನೋಡಲು ಬರುತ್ತಾರೆ ಎಂದು ನಿರ್ಮಾಪಕರಿಗೆ ಖಾತರಿಯಾಯಿತು. ಮರುವರ್ಷವೇ ಅಮೆರಿಕನ್ ಇಂಟರ್‌ನ್ಯಾಷನಲ್ ‘ಬ್ಲ್ಯಾಕ್ಯುಲಾ’ ತಂದಿತು. ಹೆಸರಿನಲ್ಲೇ ಉದ್ದೇಶ ತಿಳಿಯುತ್ತದೆ: ಕಪ್ಪು ಡ್ರಾಕುಲಾ, ಒಂದು ಜೋಕು, ಒಂದು ಪೋಸ್ಟರ್.

ನಿರ್ದೇಶಕ ವಿಲಿಯಂ ಕ್ರೇನ್ ಕಪ್ಪು ವರ್ಣೀಯ ಯುವಕ. ನಾಯಕ ವಿಲಿಯಂ ಮಾರ್ಷಲ್ ಒಥೆಲೋ ಪಾತ್ರದಿಂದ ಹೆಸರು ಮಾಡಿದ್ದ ರಂಗನಟ, ಗುಡುಗಿನಂಥ ಕಂಠ. ಮೊದಲ ಸ್ಕ್ರಿಪ್ಟಿನಲ್ಲಿ ಪಾತ್ರದ ಹೆಸರು ಆಂಡ್ರೂ ಬ್ರೌನ್. ಅದು ಕಪ್ಪು ಜನರನ್ನು ಗೇಲಿ ಮಾಡಿದ ಹಳೆಯ ರೇಡಿಯೋ ಕಾರ್ಯಕ್ರಮದ ಪಾತ್ರವೊಂದರ ಹೆಸರು. ಮಾರ್ಷಲ್ ಒಪ್ಪಲಿಲ್ಲ. ಅವರು ಪಟ್ಟು ಹಿಡಿದಿದ್ದರಿಂದ ಪಾತ್ರ ಆಫ್ರಿಕದ ರಾಜಕುಮಾರ ಮಾಮುವಾಲ್ಡೆ ಆಯಿತು. ಅವನು 1780ರಲ್ಲಿ ಹೆಂಡತಿಯೊಡನೆ ಯುರೋಪಿಗೆ ಬರುತ್ತಾನೆ, ಗುಲಾಮರ ವ್ಯಾಪಾರ ನಿಲ್ಲಿಸಲು ಡ್ರಾಕುಲಾನ ಸಹಾಯ ಕೇಳುತ್ತಾನೆ. ಡ್ರಾಕುಲಾ ನಗುತ್ತಾನೆ, ಅವನ ಹೆಂಡತಿಗೇ ಬೆಲೆ ಕಟ್ಟುತ್ತಾನೆ, ಕೊನೆಗೆ ಕಚ್ಚಿ ಪೆಟ್ಟಿಗೆಯಲ್ಲಿ ಮುಚ್ಚುತ್ತಾನೆ. ‘ಬ್ಲ್ಯಾಕ್ಯುಲಾ’ ಎಂಬ ಹೆಸರನ್ನು ಇಡುವವನೂ ಅವನೇ, ಶಾಪವಾಗಿ. ಪೋಸ್ಟರಿನ ಜೋಕು ಕಥೆಯೊಳಗೆ ಬಂದಾಗ ಯಜಮಾನ ಗುಲಾಮನಿಗೆ ಅಂಟಿಸಿದ ಹೆಸರಾಗಿಬಿಡುತ್ತದೆ. ಒಬ್ಬ ನಟನ ಹಟದಿಂದ ಇಷ್ಟು ಆಗಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಆ ಪೆಟ್ಟಿಗೆಯನ್ನು ಲಾಸ್ ಏಂಜಲೀಸಿಗೆ ತರುವವರು ಯಾರು? ಮನೆಗಳ ಒಳಾಂಗಣ ಅಲಂಕರಿಸುವ ಇಬ್ಬರು ಸಲಿಂಗಿಗಳು, ಒಬ್ಬ ಕಪ್ಪು, ಒಬ್ಬ ಬಿಳಿ. ಬಳುಕಾಟ, ಕೀಚಲು ದನಿ, ಚುಚ್ಚು ಮಾತು. ಮೊದಲು ಸಾಯುವವರೂ ಅವರೇ, ಅವರ ಸಾವಿನ ಬಗ್ಗೆ ಉಳಿದ ಪಾತ್ರಗಳಿಗೆ ಮರುಕವೂ ಕಡಿಮೆ. ಮಾರ್ಷಲ್‌ಗೆ ತಮ್ಮ ಪಾತ್ರಕ್ಕಾಗಿ ಜಗಳವಾಡುವ ಬಲವಿತ್ತು. ಆ ಇಬ್ಬರ ಪರವಾಗಿ ಜಗಳವಾಡುವವರು ಸೆಟ್ಟಿನಲ್ಲಿ ಇದ್ದಂತೆ ಕಾಣುವುದಿಲ್ಲ. ಸಿನಿಮಾ ಶುರುವಾಗುವ ಮೊದಲೇ ನಾನು ಇದನ್ನು ಹೇಳಿಬಿಡುತ್ತೇನೆ. ನಮ್ಮ ಹಾಲ್‌ನಲ್ಲಿ ಕುಳಿತವರಲ್ಲಿ ಆ ನಗು ಯಾರ ಮೈಗೆ ತಾಗುತ್ತದೋ ಅವರು ಅದನ್ನು ಒಬ್ಬರೇ ಎದುರಿಸುವಂತೆ ಆಗಬಾರದು.

4. ಯಾವ ಕಟ್ ತೋರಿಸುತ್ತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ

‘ಬ್ಲ್ಯಾಕ್ಯುಲಾ’ ಗೆದ್ದಿತು. ಅಂಥದ್ದೇ ಇನ್ನೊಂದು ಬೇಕು ಎಂದು ಒಂದು ಸಣ್ಣ ಕಂಪನಿ ನಾಟಕಕಾರ, ನಟ ಬಿಲ್ ಗನ್ ಕೈಗೆ ಸುಮಾರು 3,50,000 ಡಾಲರ್ ಕೊಟ್ಟಿತು. ಗನ್ ಹಣ ತೆಗೆದುಕೊಂಡು ತಮಗೆ ಬೇಕಾದ ಸಿನಿಮಾ ಮಾಡಿದರು: ‘ಗಾಂಜಾ ಅಂಡ್ ಹೆಸ್’ (1973). ಹೆಸ್ ಮಾನವಶಾಸ್ತ್ರಜ್ಞ, ಶ್ರೀಮಂತ; ಪಾತ್ರ ಮಾಡಿದವರು ಅದೇ ಡ್ವೇನ್ ಜೋನ್ಸ್. ಪುರಾತನ ಆಫ್ರಿಕದ ಚೂರಿಯೊಂದು ತಾಗಿ ಅವನಿಗೆ ರಕ್ತದ ದಾಹ ಹತ್ತುತ್ತದೆ. ಗಾಂಜಾ ಪಾತ್ರದಲ್ಲಿ ಮಾರ್ಲೀನ್ ಕ್ಲಾರ್ಕ್. ಇಡೀ ಸಿನಿಮಾದಲ್ಲಿ ವ್ಯಾಂಪೈರ್ ಎಂಬ ಮಾತು ಬರುವುದಿಲ್ಲ. ಚಟ, ಚರ್ಚು, ಪಾಪಪ್ರಜ್ಞೆ, ಉಳ್ಳ ಕಪ್ಪು ಮನುಷ್ಯನ ಒಂಟಿತನ ಇವೇ ಅದರ ವಸ್ತು. ಸಂಗೀತ ಸ್ಯಾಮ್ ವೇಮನ್ ಅವರದು, ಹಾಡುಗಾರ್ತಿ ನೀನಾ ಸಿಮೋನ್ ಅವರ ತಮ್ಮ.

ನಮ್ಮಲ್ಲಿ ಮತ್ತೆ ಮತ್ತೆ ಮಾತಿಗೆ ಬರುವ ಒಂದು ದೃಶ್ಯವಿದೆ. ಊಟದ ಮೇಜಿನ ಎದುರು ಗಾಂಜಾ ಕೂತು ತಾನು ಚಿಕ್ಕವಳಿದ್ದಾಗ ಅಮ್ಮ ತನ್ನನ್ನು ನಂಬದೆ ಹೋದ ಕಥೆ ಹೇಳುತ್ತಾಳೆ. ಕ್ಯಾಮೆರಾ ಅಲುಗಾಡದೆ ಅವಳ ಮುಖದ ಮೇಲೆ ನಿಲ್ಲುತ್ತದೆ. ರಕ್ತವಿಲ್ಲ, ಹೆದರಿಕೆಯಿಲ್ಲ, ಕಥೆಗೂ ನೇರವಾಗಿ ಬೇಕಿಲ್ಲ. ಇನ್ನು ಮುಂದೆ ತನ್ನನ್ನು ತಾನೇ ನೋಡಿಕೊಳ್ಳುತ್ತೇನೆ ಎಂದು ಒಬ್ಬ ಕಪ್ಪು ಹೆಣ್ಣು ತೀರ್ಮಾನಿಸಿದ ಗಳಿಗೆ, ಅಷ್ಟೇ. ವ್ಯಾಪಾರದ ಲೆಕ್ಕದಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ದೃಶ್ಯಗಳಿಗೆ.

ಸಿನಿಮಾ ಕಾನ್ ಉತ್ಸವದ ಕ್ರಿಟಿಕ್ಸ್ ವೀಕ್‌ಗೆ ಹೋಗಿ ಬಂತು. ನ್ಯೂಯಾರ್ಕಿನಲ್ಲಿ ಓಡಲಿಲ್ಲ. ಬಿಳಿ ವಿಮರ್ಶಕರು ನಡೆಸಿಕೊಂಡ ರೀತಿಗೆ ನೊಂದು ಗನ್ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಕಾಗದ ಬರೆದರು. ಅಷ್ಟರಲ್ಲಿ ನಿರ್ಮಾಪಕರು ಅದನ್ನು ಬೇರೆ ಕಂಪನಿಗೆ ಮಾರಿ ಕೈತೊಳೆದುಕೊಂಡರು. ಹೊಸ ಒಡೆಯರು ಅರ್ಧ ಗಂಟೆಗೂ ಹೆಚ್ಚು ಕತ್ತರಿಸಿ, ಇದ್ದದ್ದನ್ನು ಹಿಂದುಮುಂದು ಮಾಡಿ, ‘ಬ್ಲಡ್ ಕಪಲ್’ ಎಂಬ ಹೆಸರಿಟ್ಟು 78 ನಿಮಿಷದ ಸಿನಿಮಾ ಬಿಡುಗಡೆ ಮಾಡಿದರು. ವರ್ಷಗಟ್ಟಲೆ ಜನ ನೋಡಿದ್ದು ಅದನ್ನೇ. ಗನ್ ಅವರ ಕಟ್ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಉಳಿದಿದ್ದರಿಂದ ಇಂದು ನಮಗೆ ಸಿಗುತ್ತಿದೆ.

ಎರಡೂ ಕಟ್‌ಗಳಲ್ಲಿ ನಟರು ಅವರೇ, ಮುಖಗಳು ಅವೇ. ಪ್ರಾತಿನಿಧ್ಯವನ್ನು ಬರೀ ಎಣಿಸಿದರೆ ಎರಡಕ್ಕೂ ಒಂದೇ ಅಂಕ ಬರುತ್ತದೆ. ಒಂದು ಗನ್ ಅವರ ಸಿನಿಮಾ, ಇನ್ನೊಂದು ಅವರ ಜನರ ಮುಖಗಳನ್ನು ಬಳಸಿಕೊಂಡ ಸರಕು. ಪ್ರದರ್ಶನಕ್ಕೆ ಮುಂಚೆ ಓಡುವ ಸಮಯ ನೋಡಿ. ಎರಡು ಗಂಟೆಯ ಹತ್ತಿರ ಇಲ್ಲದಿದ್ದರೆ ಅದು ಗನ್ ಮಾಡಿದ್ದಲ್ಲ.

5. ಒಂದೇ ಸಿನಿಮಾ ತೋರಿಸಬೇಡಿ, ಜೋಡಿ ಮಾಡಿ

‘ವೈಟ್ ಜಾಂಬಿ’ (1932) ಹಾಲಿವುಡ್ಡಿನ ಮೊದಲ ಜಾಂಬಿ ಸಿನಿಮಾಗಳಲ್ಲಿ ಒಂದು. ಹಾಲ್ಪರಿನ್ ಸೋದರರು ಯೂನಿವರ್ಸಲ್ ಸ್ಟುಡಿಯೋದ ಸೆಟ್‌ಗಳನ್ನು ಬಾಡಿಗೆಗೆ ಪಡೆದು ಬೇಗಬೇಗ ಮುಗಿಸಿದ್ದು. ಕಥೆ ನಡೆಯುವುದು ಹೈಟಿಯಲ್ಲಿ. 1915ರಿಂದ 1934ರವರೆಗೆ ಹೈಟಿ ಅಮೆರಿಕನ್ ಸೈನ್ಯದ ವಶದಲ್ಲಿತ್ತು. ಹೋಗಿ ಬಂದ ಬಿಳಿಯರು ಬರೆದ ರೋಚಕ ಪುಸ್ತಕಗಳಿಂದ ಜಾಂಬಿ ಅಮೆರಿಕಕ್ಕೆ ಬಂತು. ಸಿನಿಮಾದಲ್ಲಿ ಒಂದು ಸಕ್ಕರೆ ಗಿರಣಿಯ ದೃಶ್ಯವಿದೆ. ಸತ್ತು ಎದ್ದ ಕೂಲಿಗಳು ಕಬ್ಬು ಹೊತ್ತು ತರುತ್ತಾರೆ, ದೊಡ್ಡ ಚಕ್ರವನ್ನು ತಳ್ಳುತ್ತಾರೆ. ಮರದ ಕಿರುಗುಟ್ಟುವಿಕೆ ಬಿಟ್ಟು ಬೇರೆ ಸದ್ದಿಲ್ಲ. ಒಬ್ಬ ಕಾಲು ಜಾರಿ ಯಂತ್ರದೊಳಗೆ ಬೀಳುತ್ತಾನೆ, ಉಳಿದವರು ತಿರುಗಿ ನೋಡದೆ ತಳ್ಳುತ್ತಲೇ ಇರುತ್ತಾರೆ. ಗುಲಾಮಗಿರಿಯ ಬಗ್ಗೆ ಎಷ್ಟೋ ದೊಡ್ಡ ಸಿನಿಮಾಗಳು ಹೇಳಲಾರದ್ದು ಈ ಅರೆ ನಿಮಿಷದಲ್ಲಿದೆ. ಆಮೇಲೆ ಸಿನಿಮಾ ಆ ಕೂಲಿಗಳನ್ನು ಮರೆತುಬಿಡುತ್ತದೆ. ಅದರ ಚಿಂತೆಯೆಲ್ಲ ಜಾಂಬಿಯಾದ ಒಬ್ಬ ಬಿಳಿ ಹೆಣ್ಣಿನದು.

ಅದರ ಜೋಡಿಗೆ ‘ಶುಗರ್ ಹಿಲ್’ (1974) ಹಾಕುತ್ತೇನೆ. ಪ್ರಿಯಕರನನ್ನು ಕೊಂದ ರೌಡಿಗಳ ಮೇಲೆ ಸೇಡು ತೀರಿಸಿಕೊಳ್ಳಲು ನಾಯಕಿ (ಮಾರ್ಕಿ ಬೇ) ವೂಡೂ ದೇವರನ್ನು ಕರೆಯುತ್ತಾಳೆ. ಅವನು ಎಬ್ಬಿಸುವ ಹೆಣಗಳು ಆಫ್ರಿಕದಿಂದ ಹಡಗಿನಲ್ಲಿ ಬಂದು ಸತ್ತುಹೋದ ಗುಲಾಮರವು. ಕೈಗಳಲ್ಲಿ ಇನ್ನೂ ಕೋಳ, ಮೈಮೇಲೆ ಜೇಡರಬಲೆ, ಬೆಳ್ಳಿಯಂತೆ ಹೊಳೆಯುವ ಕಣ್ಣು. ಗಿರಣಿಯಲ್ಲಿ ಮರೆತುಹೋದವರೇ ನಲವತ್ತೆರಡು ವರ್ಷದ ಮೇಲೆ ಎದ್ದು ಬಂದ ಹಾಗಿದೆ. ಇದರ ನಿರ್ದೇಶಕ ಪಾಲ್ ಮಾಸ್ಲಾನ್‌ಸ್ಕಿ ಬಿಳಿಯ, ಸಿನಿಮಾವೂ ದೊಡ್ಡ ಕಲಾಕೃತಿಯೇನಲ್ಲ. ಆದರೂ ಎರಡನ್ನೂ ಒಂದೇ ಸಂಜೆ ನೋಡಿದವರಿಗೆ ನಾನು ಭಾಷಣ ಮಾಡುವ ಅಗತ್ಯ ಬೀಳುವುದಿಲ್ಲ.

6. ಹೆಣ್ಣು ನಿರ್ದೇಶಿಸಿದ್ದಾಳೆ ಎಂದಷ್ಟೇ ಹೇಳಿ ನಿಲ್ಲಿಸಬೇಡಿ

ಅಗ್ಗದ ಸಿನಿಮಾಗಳ ಸರದಾರ ರೋಜರ್ ಕಾರ್ಮನ್ ತಮ್ಮ ನ್ಯೂ ವರ್ಲ್ಡ್ ಪಿಕ್ಚರ್ಸ್‌ನಲ್ಲಿ ಹೆಂಗಸರಿಗೆ ನಿರ್ದೇಶನ ಕೊಟ್ಟರು. ದೊಡ್ಡ ಸ್ಟುಡಿಯೋಗಳು ಬಾಗಿಲು ಹಾಕಿಕೊಂಡಿದ್ದ ಕಾಲ ಅದು. ಸ್ಟೆಫನಿ ರಾಥ್‌ಮನ್ ‘ದಿ ವೆಲ್ವೆಟ್ ವ್ಯಾಂಪೈರ್’ (1971) ಮಾಡಿದ್ದು ಹಾಗೆ. ಇದಕ್ಕಾಗಿ ಕಾರ್ಮನ್‌ಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಅದೇ ಸಂಸ್ಥೆಯ ಇನ್ನೊಂದು ಕಥೆಯನ್ನೂ ಜೊತೆಗೇ ಹೇಳಬೇಕು.

ಬಾರ್ಬರಾ ಪೀಟರ್ಸ್ ‘ಹ್ಯೂಮನಾಯ್ಡ್ಸ್ ಫ್ರಂ ದಿ ಡೀಪ್’ (1980) ನಿರ್ದೇಶಿಸಿದರು. ಮೀನುಗಾರರ ಊರು, ಹೊಸದಾಗಿ ಬರುತ್ತಿರುವ ಕ್ಯಾನಿಂಗ್ ಕಾರ್ಖಾನೆ, ಅದನ್ನು ವಿರೋಧಿಸುವ ಮೂಲನಿವಾಸಿ ಯುವಕ, ಸಮುದ್ರದಿಂದ ಏಳುವ ರಾಕ್ಷಸರು. ಪೀಟರ್ಸ್ ಶೂಟಿಂಗ್ ಮುಗಿಸಿದ ಮೇಲೆ, ರಾಕ್ಷಸರು ಹೆಂಗಸರ ಮೇಲೆ ಅತ್ಯಾಚಾರ ಮಾಡುವ ದೃಶ್ಯಗಳನ್ನು ಬೇರೊಬ್ಬರಿಂದ ತೆಗೆಸಿ ಸೇರಿಸಲಾಯಿತು. ಪೀಟರ್ಸ್ ಮತ್ತು ನಾಯಕಿ ಆನ್ ಟರ್ಕೆಲ್ ತಮ್ಮ ಹೆಸರು ತೆಗೆದುಹಾಕಿ ಎಂದು ಕೇಳಿಕೊಂಡರು. ತೆಗೆಯಲಿಲ್ಲ. ಈಗಲೂ ಆ ಸಿನಿಮಾ ಹಾಕಿದರೆ ನಿರ್ದೇಶನ ಎಂದು ಒಬ್ಬ ಹೆಣ್ಣಿನ ಹೆಸರು ಬರುತ್ತದೆ. ಮಹಿಳಾ ನಿರ್ದೇಶಕಿಯರ ಪಟ್ಟಿಗೆ ಕಣ್ಣುಮುಚ್ಚಿ ಅದನ್ನು ಸೇರಿಸುವವರಿದ್ದಾರೆ. ಆಕೆಯ ಹೆಸರೇ ಆಕೆಗೆ ಆದ ಅನ್ಯಾಯದ ಗುರುತು ಎನ್ನುವುದು ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಅದಾದ ಎರಡು ವರ್ಷಕ್ಕೆ ಬಂದ ‘ದಿ ಸ್ಲಂಬರ್ ಪಾರ್ಟಿ ಮಸಾಕರ್’ (1982) ಇನ್ನೊಂದು ಬಗೆಯದು. ಸ್ತ್ರೀವಾದಿ ಕಾದಂಬರಿಕಾರ್ತಿ ರೀಟಾ ಮೇ ಬ್ರೌನ್ ಸ್ಕ್ರಿಪ್ಟ್ ಬರೆದಿದ್ದರು. ಎಡಿಟರ್ ಆಗಿದ್ದ ಏಮಿ ಹೋಲ್ಡನ್ ಜೋನ್ಸ್ ಮೊದಲ ಕೆಲವು ಪುಟಗಳನ್ನು ಅಳಿದುಳಿದ ಫಿಲಂ ತುಂಡುಗಳಲ್ಲಿ ತಾವೇ ಶೂಟ್ ಮಾಡಿ ಕಾರ್ಮನ್‌ಗೆ ತೋರಿಸಿದರು, ಕೆಲಸ ಗಿಟ್ಟಿಸಿಕೊಂಡರು. ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಎಡಿಟ್ ಮಾಡುವ ಅವಕಾಶವನ್ನೂ ಇದಕ್ಕಾಗಿ ಬಿಟ್ಟರು. ಉದ್ದನೆಯ ಡ್ರಿಲ್ ಹಿಡಿದ ಕೊಲೆಗಾರ ಹುಡುಗಿಯರ ಬೆನ್ನು ಹತ್ತುತ್ತಾನೆ. ಬರಿಮೈಯ ಸ್ನಾನದ ದೃಶ್ಯ ಇದೆ, ಕಂಪನಿಗೆ ಅದು ಬೇಕೇ ಬೇಕಿತ್ತು. ಅದರ ಪಕ್ಕದಲ್ಲೇ ಇನ್ನೂ ಕೆಲವು ಇವೆ: ಟೆಲಿಫೋನ್ ಲೈನ್ ರಿಪೇರಿಗೆ ಬರುವವಳು ಹೆಂಗಸು. ಬಾಗಿಲಿಗೆ ತೂತು ಕೊರೆದು ಇಣುಕುಗಾಜು ಕೂಡಿಸುವವಳು ಹೆಂಗಸು. ಬಾಸ್ಕೆಟ್‌ಬಾಲ್ ಕೋಚ್ ಹೆಂಗಸು. ಯಾರೂ ಅದನ್ನು ಎತ್ತಿ ಆಡುವುದಿಲ್ಲ, ಅವರು ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ. ಕೊನೆಯಲ್ಲಿ ಒಬ್ಬ ಹುಡುಗಿ ಮಚ್ಚಿನಿಂದ ಆ ಡ್ರಿಲ್ಲಿನ ಮೊನೆಯನ್ನೇ ಕತ್ತರಿಸಿ ಹಾಕಿದಾಗ ನಮ್ಮ ಹಾಲ್‌ನಲ್ಲಿ ಹುಡುಗಿಯರು ಚಪ್ಪಾಳೆ ಹೊಡೆದರು. ಮುಂದಿನ ಎರಡು ಭಾಗಗಳನ್ನೂ ಹೆಂಗಸರೇ ನಿರ್ದೇಶಿಸಿದರು: ಡೆಬೊರಾ ಬ್ರಾಕ್ (1987), ಸ್ಯಾಲಿ ಮ್ಯಾಟಿಸನ್ (1990).

7. ದೇಹವೇ ಭಯವಾದಾಗ, ಆ ದೇಹದ ಮನುಷ್ಯನಿಗೆ ಊಟ ಎಲ್ಲಿ ಹಾಕಿದರು ಎಂದು ವಿಚಾರಿಸಿ

ಟಾಡ್ ಬ್ರೌನಿಂಗ್ ಅವರ ‘ಫ್ರೀಕ್ಸ್’ (1932) ಹುಟ್ಟಿನಲ್ಲಿ ಅಗ್ಗದ ಸಿನಿಮಾ ಅಲ್ಲ, ಎಂಜಿಎಂ ಮಾಡಿದ್ದು. ಜನ ಬೆಚ್ಚಿಬಿದ್ದರು, ಸ್ಟುಡಿಯೋ ಕತ್ತರಿಸಿ ಸುಮಾರು ಒಂದು ಗಂಟೆಗೆ ಇಳಿಸಿತು, ಬ್ರಿಟನ್ನಿನಲ್ಲಿ ಮೂವತ್ತು ವರ್ಷ ನಿಷೇಧವಾಯಿತು. ಆಮೇಲೆ ಡ್ವೇನ್ ಎಸ್ಪರ್ ಎಂಬ ಎಕ್ಸ್‌ಪ್ಲಾಯಿಟೇಷನ್ ವ್ಯಾಪಾರಿ ಹಕ್ಕು ಪಡೆದು ಬೇರೆ ಬೇರೆ ಹೆಸರಿನಲ್ಲಿ ಊರೂರು ಸುತ್ತಿಸಿದ. ನಟಿಸಿದವರು ನಿಜವಾಗಿ ಸರ್ಕಸ್, ಜಾತ್ರೆಗಳಲ್ಲಿ ಪ್ರದರ್ಶನ ಕೊಡುತ್ತಿದ್ದ ವಿಶಿಷ್ಟ ದೇಹದ ಕಲಾವಿದರು. ಕೈಕಾಲುಗಳಿಲ್ಲದ ಪ್ರಿನ್ಸ್ ರಾಂಡಿಯನ್ ಬರೀ ತುಟಿ ಹಲ್ಲುಗಳಿಂದ ಕಡ್ಡಿ ಗೀರಿ ಸಿಗರೇಟು ಹಚ್ಚುವುದನ್ನು ಕ್ಯಾಮೆರಾ ಅವಸರವಿಲ್ಲದೆ ನೋಡುತ್ತದೆ. ಎದುರಿಗಿರುವವನು ಅತ್ತ ಗಮನವನ್ನೂ ಕೊಡದೆ ತನ್ನ ಕೊಚ್ಚಿಕೊಳ್ಳುವಿಕೆಯಲ್ಲಿದ್ದಾನೆ. ಮದುವೆ, ಬಾಣಂತನ, ಜಗಳ, ಕುಡಿತ ಎಲ್ಲ ಇದೆ. ಅದೇ ಜನ ಕೊನೆಗೆ ಮಳೆಯ ಕೆಸರಿನಲ್ಲಿ ಚೂರಿ ಹಿಡಿದು ತೆವಳಿ ಬರುತ್ತಾರೆ, ಆಗ ಸಿನಿಮಾ ಅವರ ದೇಹವನ್ನೇ ಭಯವನ್ನಾಗಿ ಮಾಡುತ್ತದೆ. ಶೂಟಿಂಗ್ ನಡೆಯುವಾಗ, ಸ್ಟುಡಿಯೋದ ಉಳಿದವರು ದೂರಿದರೆಂದು, ಅವರಲ್ಲಿ ಹೆಚ್ಚಿನವರನ್ನು ಕ್ಯಾಂಟೀನಿನಿಂದ ಹೊರಗೆ ಬೇರೆ ಕೂರಿಸಿ ಊಟ ಹಾಕಿದರು. ಪಂಕ್ತಿಭೇದ ಎಂದರೇನೆಂದು ಗೊತ್ತಿರುವ ನಮ್ಮ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ರಾಮ್ಸೆ ಸೋದರರ ‘ಪುರಾನಾ ಮಂದಿರ್’ (1984) ನೋಡಿ ಹೆದರಿದವರು ಬೇಕಾದಷ್ಟು ಜನ. ಅದರಲ್ಲಿ ಸಾಮ್ರಿ ಎಂಬ ರಾಕ್ಷಸನ ಪಾತ್ರ ಮಾಡಿದ ಅನಿರುದ್ಧ್ ಅಗರ್‌ವಾಲ್ ಓದಿನಲ್ಲಿ ಇಂಜಿನಿಯರ್. ಅವರ ಎತ್ತರ ಮತ್ತು ಮುಖವೇ ಅವರಿಗೆ ಪಾತ್ರ ತಂದುಕೊಟ್ಟಿತು, ಅದೇ ಅವರನ್ನು ಬೇರೆ ಪಾತ್ರಗಳಿಂದ ದೂರವಿಟ್ಟಿತು. ಆ ಹೆಸರನ್ನು ನಾನು ಚರ್ಚೆಯಲ್ಲಿ ತಪ್ಪದೆ ಹೇಳುತ್ತೇನೆ.

8. ನಿಜವಾದ ಜನಾಂಗದ ಹೆಸರು ಬಳಸಿದ್ದರೆ ತೋರಿಸುವ ಮೊದಲು ಎರಡು ಸಲ ಯೋಚಿಸಿ

ಇಟಲಿಯ ‘ಕ್ಯಾನಿಬಲ್ ಹೋಲೋಕಾಸ್ಟ್’ (1980) ತೋರಿಸಿ ಎಂದು ಹುಡುಗರು ಕೇಳುತ್ತಲೇ ಇರುತ್ತಾರೆ. ನಿಜವಾದ ಕಾಡುಮನುಷ್ಯರು ಕ್ಯಾಮೆರಾ ಹಿಡಿದ ಬಿಳಿಯರೇ ಎನ್ನುವುದು ಅದರ ವಾದ. ವಾದ ಸರಿಯಿರಬಹುದು. ಆದರೆ ಕೊಲಂಬಿಯಾದ ಕಾಡಿನಲ್ಲಿ ತೆಗೆದ ಈ ಸಿನಿಮಾ ನರಭಕ್ಷಕರಿಗೆ ಕೊಟ್ಟ ಹೆಸರು ಯನೊಮಾಮಿ ಜನರದು. ಬ್ರೆಜಿಲ್-ವೆನೆಜುವೆಲಾ ಗಡಿಯಲ್ಲಿ ಇಂದಿಗೂ ತಮ್ಮ ನೆಲಕ್ಕಾಗಿ ಹೋರಾಡುತ್ತಿರುವ ಜನ ಅವರು. ಕ್ಯಾಮೆರಾ ಮುಂದೆ ಪ್ರಾಣಿಗಳನ್ನು ನಿಜವಾಗಿ ಕೊಂದಿದ್ದಾರೆ. ನಾನು ತೋರಿಸಿಲ್ಲ, ತೋರಿಸುವುದಿಲ್ಲ.

9. ಚರ್ಚೆಯಲ್ಲಿ ಮೊದಲು ಮಾತಾಡಬೇಡಿ

ಬೆನ್ ಸತ್ತ ಸಂಜೆ ಒಬ್ಬ ವಿದ್ಯಾರ್ಥಿನಿ ಕೇಳಿದ್ದು ಹೀಗೆ: “ಮೇಡಂ, ಅವನು ಕಪ್ಪು ಅಂತ ಸಿನಿಮಾದಲ್ಲಿ ಒಬ್ಬರೂ ಹೇಳಲ್ವಲ್ಲ, ಆದ್ರೂ ಕೂಪರ್ ಅವನನ್ನ ನೋಡೋ ರೀತಿಯಲ್ಲೇ ಗೊತ್ತಾಗುತ್ತಲ್ಲ?” ನಾನು ಸಿದ್ಧ ಮಾಡಿಕೊಂಡಿದ್ದ ಪರಿಚಯಕ್ಕಿಂತ ಈ ಮಾತು ಮುಂದೆ ಹೋಗಿತ್ತು. ಹಿಂದಿನ ಸಾಲಿನ ಹಿರಿಯರೊಬ್ಬರು ಆಗ ಇನ್ನೊಂದು ಸೇರಿಸಿದರು: “ನಮ್ ದೆವ್ವದ ಸಿನಿಮಾಗಳಲ್ಲಿ ಬಂಗ್ಲೆ ಕಾಯೋನೇ ಯಾಕಮ್ಮ ಮೊದ್ಲು ಸಾಯ್ತಾನೆ? ಅವನಿಗೊಂದು ಹೆಸ್ರೂ ಇರಲ್ಲ.” ಅಲ್ಲಿಂದ ಮಾತು ನಮ್ಮ ಮಂತ್ರವಾದಿಗಳು, ಸ್ಮಶಾನದ ಕೆಲಸದವರು, ಬಿಳಿ ಸೀರೆಯ ಹೆಂಗಸರ ಕಡೆ ಹೊರಳಿತು. ಹಾಲ್‌ನವರು ಬಂದು ದೀಪ ಆರಿಸುತ್ತೇವೆ ಎನ್ನುವವರೆಗೂ ನಡೆಯಿತು. ಅಮೆರಿಕದ ಬಣ್ಣಕ್ಕೂ ನಮ್ಮ ಜಾತಿಗೂ ಗಂಟು ಹಾಕುವ ಕೆಲಸ ನನ್ನದಲ್ಲ. ನೋಡಿದವರು ತಾವಾಗಿ ಹಾಕಿದಾಗ ಅಡ್ಡ ಬರದಿರುವುದು ನನ್ನ ಕೆಲಸ. ಓದಲು ಏನಾದರೂ ಹೇಳಿ ಎಂದವರಿಗೆ ರಾಬಿನ್ ಮೀನ್ಸ್ ಕೋಲ್ಮನ್ ಅವರ ‘ಹಾರರ್ ನುವಾರ್’ (2011) ಪುಸ್ತಕ ತೋರಿಸುತ್ತೇನೆ. ಅದೇ ಹೆಸರಿನ ಸಾಕ್ಷ್ಯಚಿತ್ರ 2019ರಲ್ಲಿ ಬಂದಿದೆ.

10. ‘ಗೆಟ್ ಔಟ್’ ಅನ್ನು ಕೊನೆಗೆ ಇಡಿ

ಎಲ್ಲರಿಗೂ ಗೊತ್ತಿರುವುದು ಜೋರ್ಡನ್ ಪೀಲ್ ಅವರ ‘ಗೆಟ್ ಔಟ್’ (2017). ಅದರಿಂದಲೇ ಶುರು ಮಾಡಿ ಎಂದು ಸಂಘಟಕರು ಒತ್ತಾಯ ಮಾಡುತ್ತಾರೆ. ಮಾಡಬೇಡಿ. 45 ಲಕ್ಷ ಡಾಲರಿನಲ್ಲಿ ತಯಾರಾಗಿ 25 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ, ಮೂಲ ಚಿತ್ರಕಥೆಗೆ ಆಸ್ಕರ್ ಪಡೆದ ಸಿನಿಮಾ ಅದು. ಆ ವಿಭಾಗದಲ್ಲಿ ಗೆದ್ದ ಮೊದಲ ಕಪ್ಪು ವರ್ಣೀಯ ಪೀಲ್. ಅದರ ಕೊನೆಯಲ್ಲಿ ಕಪ್ಪು ವರ್ಣೀಯ ನಾಯಕ ಕ್ರಿಸ್ ತನ್ನನ್ನು ಬಲೆಗೆ ಕೆಡವಿದ್ದ ಬಿಳಿಯರ ಮನೆಯಿಂದ ತಪ್ಪಿಸಿಕೊಂಡು ರಸ್ತೆಯಲ್ಲಿ ರಕ್ತದ ನಡುವೆ ಕೂತಿದ್ದಾನೆ. ದೂರದಿಂದ ಕೆಂಪು ನೀಲಿ ದೀಪದ ಕಾರು ಬರುತ್ತದೆ. ಮೊದಲು ಶೂಟ್ ಮಾಡಿದ್ದ ಕೊನೆಯಲ್ಲಿ ಆ ಕಾರು ಪೊಲೀಸರದು, ಕ್ರಿಸ್ ಜೈಲಿಗೆ ಹೋಗುತ್ತಾನೆ. ಪೀಲ್ ಅದನ್ನು ಬದಲಾಯಿಸಿದರು. ಬಿಡುಗಡೆಯಾದ ಸಿನಿಮಾದಲ್ಲಿ ಕಾರಿನಿಂದ ಇಳಿಯುವವನು ಕ್ರಿಸ್‌ನ ಗೆಳೆಯ ರಾಡ್.

1968ರಲ್ಲಿ ಸುಖಾಂತ ಬೇಡವೆಂದು ಹಟ ಹಿಡಿದವರೂ 2017ರಲ್ಲಿ ನಾಯಕನನ್ನು ಬದುಕಿಸಿದವರೂ ತಮ್ಮ ಕೊನೆಯನ್ನು ತಾವೇ ಆರಿಸಿಕೊಂಡರು. ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ನೋಡದವರಿಗೆ ಆ ಕಾರಿನ ದೀಪ ಕಥೆಯ ಒಂದು ತಿರುವು, ಅಷ್ಟೇ. ನೋಡಿದವರಿಗೆ ಬೆನ್ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದದ್ದು ನೆನಪಾಗುತ್ತದೆ, ಕಾರಿನ ಬಾಗಿಲು ತೆರೆಯುವ ಆ ಎರಡು ಸೆಕೆಂಡು ಉಸಿರು ನಿಲ್ಲುತ್ತದೆ. ಹಾಗಾಗಿ ನನ್ನ ಕ್ರಮ ಇದು: ಮೊದಲ ವಾರ ರೊಮೆರೊ, ಎರಡನೇ ವಾರ ಮಾರ್ಷಲ್, ಮೂರನೇ ವಾರ ಗನ್ ಅವರ ಪೂರ್ತಿ ಕಟ್, ನಾಲ್ಕನೇ ವಾರ ‘ವೈಟ್ ಜಾಂಬಿ’ ಮತ್ತು ‘ಶುಗರ್ ಹಿಲ್’ ಒಟ್ಟಿಗೆ, ಐದನೇ ವಾರ ಏಮಿ ಜೋನ್ಸ್, ಆರನೇ ವಾರ ಪೀಲ್. ‘ಫ್ರೀಕ್ಸ್’ಗೆ ಬೇರೆ ದಿನ ಇಡಿ, ಹಾಲ್ ಬಾಡಿಗೆಯನ್ನು ಒಂದು ಗಂಟೆ ಹೆಚ್ಚಿಗೆ ಹಿಡಿಯಿರಿ. ಅದರ ಚರ್ಚೆ ಬೇಗ ಮುಗಿಯುವುದಿಲ್ಲ.